ಯಮುನ ಮಾಡಿದ ಹಿಡಿಗಳು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಷ್ಟೇ ಕಳೆದಿದ್ದವು. ಸುಂಟಿಕೊಪ್ಪದಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದೆ ದೇರಪ್ಪನ ವರ್ಕ್‌ಶಾಪ್ ಇತ್ತು. ಎಸ್ಟೇಟುಗಳ ಜೀಪು, ಕಾಫಿ ಹಣ್ಣು ಸುಲಿಯುವ ಪಲ್ಪರು, ಏನು ಕೆಟ್ಟರೂ ಅಲ್ಲಿಗೇ ಬರುತ್ತಿತ್ತು. ದೇರಪ್ಪ ಕಬ್ಬಿಣ ಬಡಿಯುತ್ತಿದ್ದ. ಮಡಿಕೇರಿಯಲ್ಲಿ ಓದಿ ಬಂದಿದ್ದ ಅವನ ತಂಗಿ ಯಮುನ ನಕ್ಷೆ ಬರೆಯುತ್ತಿದ್ದಳು. ಹೆಣ್ಣುಮಗಳಿಗೆ ಈ ಮಸಿ ಕೆಲಸ ಯಾಕೆ ಎಂದು ನೆಂಟರು ಕೇಳಿದಾಗಲೆಲ್ಲ ಅವಳಿಗೆ ನಗು ಬರುತ್ತಿತ್ತು. ತಾನು ಕಾಗದದ ಮೇಲೆ ಎಳೆದ ಗೆರೆ ಕಬ್ಬಿಣವಾಗಿ ಎದ್ದು ನಿಲ್ಲುವುದನ್ನು ನೋಡುವ ಸುಖ ಅವರಿಗೇನು ಗೊತ್ತು?

ಆ ವರ್ಷ ಅವಳ ಸಂಭ್ರಮಕ್ಕೆ ದೊಡ್ಡ ಕಾರಣವೇ ಇತ್ತು. ಹಿಂದಿನ ಕೊಯ್ಲಿನಲ್ಲಿ ಅಕಾಲದ ಮಳೆ ಬಂದು, ಚೆಟ್ಟಳ್ಳಿಯ ಎಸ್ಟೇಟು ಸಾಹುಕಾರ ನಾಣಯ್ಯನವರ ಕಾಫಿ ಕಣದಲ್ಲೇ ಬೂಸ್ಟು ಹಿಡಿದಿತ್ತು. ಬಿಸಿಲನ್ನು ನಂಬಿ ಕೂರುವುದು ಸಾಕೆನಿಸಿ, ಕಾಫಿ ಒಣಗಿಸುವ ಯಂತ್ರವೊಂದನ್ನು ಮಾಡಿಕೊಡಿ ಎಂದು ಅವರು ಅಣ್ಣ ತಂಗಿಯರಿಗೇ ಹೇಳಿದ್ದರು. ಮಳೆಗಾಲವಿಡೀ ದುಡಿದು ಇಬ್ಬರೂ ಅದನ್ನು ಎಬ್ಬಿಸಿದರು. ಒಂದು ದೊಡ್ಡ ಡ್ರಮ್ಮು, ಅದನ್ನು ತಿರುಗಿಸಲು ಎಂಜಿನ್ನು, ಪಕ್ಕದಲ್ಲಿ ಸೌದೆಯ ಒಲೆ, ಅದರ ಹೊಗೆ ಹೋಗಲು ಚಿಮಣಿ, ಒಲೆಯ ಬಿಸಿಗಾಳಿಯನ್ನು ಡ್ರಮ್ಮಿಗೆ ನೂಕುವ ಫ್ಯಾನು. ಇವೆಲ್ಲವನ್ನೂ ಆಳುವುದಕ್ಕೆ ಒಂದೇ ಹಲಗೆಯ ಮೇಲೆ ಸಾಲಾಗಿ ನಾಲ್ಕು ಹಿತ್ತಾಳೆ ಹಿಡಿಗಳು. ಆ ಹಲಗೆ ಯಮುನಳ ಹೆಮ್ಮೆ. ನಾಲ್ಕೂ ಹಿಡಿಗಳು ಅವಳಿಜವಳಿಗಳಂತೆ ಒಂದೇ ಅಳತೆ, ಒಂದೇ ಹೊಳಪು. ಕೆಳಗೆ ಅವಳೇ ಕುಂಚ ಹಿಡಿದು ಬರೆದ ಮುದ್ದಾದ ಅಕ್ಷರಗಳು: ಗಾಳಿ, ಹೊಗೆ, ತಿರುಗು, ಬಾಯಿ.

ಕೊಯ್ಲು ಶುರುವಾದ ವಾರವೇ ಚೆಟ್ಟಳ್ಳಿಯ ಶೆಡ್ಡಿನಲ್ಲಿ ಯಂತ್ರ ಮೊದಲ ಸಲ ತಿರುಗಿತು. ಹಿಡಿಗಳ ಹತ್ತಿರ ನಿಂತಿದ್ದವಳು ಚಿನ್ನಿ. ಕಣದ ಕೆಲಸದಲ್ಲಿ ಪಳಗಿದ ಹೆಂಗಸು. ಒಲೆಗೆ ಸೌದೆ ಹಾಕುತ್ತಿದ್ದವನು ಲಿಂಗ. ಅರ್ಧ ಗಂಟೆ ಎಲ್ಲವೂ ಚೆನ್ನಾಗಿ ನಡೆಯಿತು. "ಗಾಳಿ ಕಡಿಮೆ ಮಾಡು" ಎಂದು ದೇರಪ್ಪ ಕೂಗಿದ. ಚಿನ್ನಿ ಸರಕ್ಕನೆ ಒಂದು ಹಿಡಿ ಎಳೆದಳು. ಡ್ರಮ್ಮಿನ ಬಾಯಿ ತೆರೆದು, ಅರೆಬರೆ ಒಣಗಿದ ಕಾಫಿಯೆಲ್ಲ ಸುರ್ರನೆ ನೆಲಕ್ಕೆ ಸುರಿಯಿತು.

"ಬರ್ದುಟ್ಟಲ್ಲ ಅಲ್ಲಿ, ಕಣ್ಣು ಕಾಣ್ದಿಲ್ಲೆನಾ?" ದೇರಪ್ಪ ರೇಗಿದ.

"ನಂಗೆ ಓದಾಕ್ ಬಂದ್ರೆ ಇಲ್ಲಿ ಯಾಕಿರ್ತಿದ್ದೆ ಅಣ್ಣ," ಎಂದಳು ಚಿನ್ನಿ.

ಎಲ್ಲರೂ ಕಾಫಿ ಬಳಿಯುತ್ತಿದ್ದಾಗ ಯಮುನ ಹಲಗೆಯ ಮುಂದೆ ನಿಂತು ಕಣ್ಣು ಮುಚ್ಚಿದಳು. ಗಾಳಿ, ಎಂದು ತನಗೆ ತಾನೇ ಹೇಳಿಕೊಂಡು ಕೈ ಚಾಚಿದಳು. ಕಣ್ಣು ತೆರೆದರೆ ಕೈಯಲ್ಲಿದ್ದದ್ದು ಹೊಗೆಯ ಹಿಡಿ. ಅದರ ಬೆನ್ನಿಗೇ ಜ್ವರದಂಥ ಒಂದು ಉತ್ಸಾಹ ಮೈಗೇರಿತು. ನಕ್ಷೆ ಬರೆದವಳಿಗೇ ತಪ್ಪಿದರೆ ತಪ್ಪು ಕೈಯದಲ್ಲ, ಹಲಗೆಯದು. ಹಲಗೆಯದಾದರೆ ತಿದ್ದಬಹುದು.

ಮರುದಿನ ಅವಳು ಒಬ್ಬಳೇ ಬಸ್ಸು ಹತ್ತಿ ಚೆಟ್ಟಳ್ಳಿಗೆ ಬಂದಳು. ಎಂಜಿನ್ನು ನಿಂತೇ ಇತ್ತು. ಕೂಲಿಯಾಳುಗಳ ಲೈನುಮನೆಗಳಿಂದ ಒಬ್ಬೊಬ್ಬರನ್ನೇ ಕರೆದಳು. ತಮಿಳಿನವರು, ಮಲಯಾಳದವರು, ತುಳುವಿನವರು, ಯಾರಾದರೂ ಸರಿ. ಹಲಗೆಗೆ ಗೋಣಿ ಹೊದಿಸಿ, "ಒಲೆ ಹೊಗೆ ಕಟ್ಟಿದೆ ಅಂತ ಇಟ್ಕೊಳ್ಳಿ, ಎಲ್ಲಿಗೆ ಕೈ ಹಾಕ್ತೀರಿ?" ಎಂದು ಕೇಳಿದಳು. ಎಲ್ಲರ ಕೈಯೂ ಚಿಮಣಿಯ ಕಡೆಗೆ ಮೇಲೆದ್ದಿತು. ಕಾಫಿ ಇಳಿಸಬೇಕೆಂದರೆ ಡ್ರಮ್ಮಿನ ಬಾಯಿಗೇ ಹೋದರು. ಒಬ್ಬರೂ ಗೋಣಿಯ ಕಡೆ ತಿರುಗಿಯೂ ನೋಡಲಿಲ್ಲ. ಹಲಗೆ ಇರಬೇಕೆಂದು ಅಲ್ಲಿ ಯಾರಿಗೂ ಅನಿಸಿರಲಿಲ್ಲ, ಅವಳೊಬ್ಬಳನ್ನು ಬಿಟ್ಟು.

ಸಂಜೆ ವರ್ಕ್‌ಶಾಪಿಗೆ ಓಡೋಡಿ ಬಂದು, "ಅಣ್ಣ, ಹಲಗೆ ಕಿತ್ತು ಹಾಕುವೊ," ಎಂದಳು.

"ಮರ್ಳು ಹಿಡ್ದುಟ್ಟಾ ನಿಂಗೆ? ಆ ಹಲಗೆ ನೋಡಿಯೇ ನಾಣಯ್ಯ ಮರುಳಾದ್ದು."

"ನೋಡಾಕೆ ಚೆಂದ ಉಟ್ಟು. ಹಿಡಿಯಾಕೆ ಇಲ್ಲೆ."

ದೇರಪ್ಪ ಎರಡು ದಿನ ಅವಳತ್ತ ತಿರುಗದೆ ಜೀಪಿನ ಕೆಳಗೇ ಮಲಗಿ ರಿಪೇರಿ ಮಾಡಿದ. ಮೂರನೆಯ ದಿನ ತಾನೇ ಕುಲುಮೆ ಹೊತ್ತಿಸಿ, "ಎಂಥ ಬೇಕು, ಹೇಳು," ಎಂದ. ಆಮೇಲೆ ಇಬ್ಬರಿಗೂ ಊಟದ ಪರಿವೆಯೇ ಇರಲಿಲ್ಲ. ಗಾಳಿಯ ಹಿಡಿ ಫ್ಯಾನಿನ ಪಕ್ಕಕ್ಕೆ, ಡ್ರಮ್ಮಿಗೆ ಗಾಳಿ ಬಿಡುವ ಬಾಗಿಲ ಬಳಿಗೇ ಹೋಯಿತು. ಅದರ ತುದಿಗೆ ಮರದ ಗುಂಡು. ಹೊಗೆಗೆ ಚಿಮಣಿಯಿಂದ ಇಳಿಬಿಟ್ಟ ಸರಪಳಿ, ಕೊನೆಯಲ್ಲಿ ಕೈ ತೂರುವಷ್ಟು ದೊಡ್ಡ ಬಳೆ. ಡ್ರಮ್ಮನ್ನು ತಿರುಗಿಸುವ, ನಿಲ್ಲಿಸುವ ಹಿಡಿಯನ್ನು ಎಂಜಿನ್ನಿನ ಬೆಲ್ಟಿನ ಬದಿಗೇ ಕೂರಿಸಿದರು. ಬಾಯಿಯ ಹಿಡಿಗೆ ಒಂದು ಕೊಕ್ಕೆ ಬಂತು, ಎಡಗೈಯಲ್ಲಿ ಕೊಕ್ಕೆ ಎತ್ತಿದರೆ ಮಾತ್ರ ಬಲಗೈಗೆ ಹಿಡಿ ಬಗ್ಗುವಂತೆ. ಬಾಯಿ ಸರಿಯಾಗಿ ಮುಚ್ಚದಿದ್ದರೆ ಡ್ರಮ್ಮಿನ ಪ್ರತಿ ಸುತ್ತಿಗೂ ಗಂಟೆ ಹೊಡೆಯುವ ಉಪಾಯ ದೇರಪ್ಪನದೇ. ಅದು ಹೊಳೆದ ದಿನ ಅವನು ತಂಗಿಗಿಂತ ಹೆಚ್ಚು ಕುಣಿದಾಡಿದ.

ಎರಡನೆಯ ಸಲ ಯಂತ್ರ ನಡೆಸುವಾಗ ನಾಣಯ್ಯನವರು ಅಕ್ಕಪಕ್ಕದ ಎಸ್ಟೇಟಿನವರನ್ನೂ ಕರೆದಿದ್ದರು. ಚಿನ್ನಿ ಮೊದಲು ಒಲ್ಲೆ ಎಂದಳು. ಯಮುನ ಅವಳನ್ನು ಒಂದು ಸುತ್ತು ಕರೆದೊಯ್ದು, "ಮುಟ್ಟಿ ನೋಡು ಚಿನ್ನಿ," ಎಂದಳು ಅಷ್ಟೇ. ಚಿನ್ನಿ ಗುಂಡು ಸವರಿದಳು, ಬಳೆ ಜಗ್ಗಿದಳು, ಕೊಕ್ಕೆ ಎತ್ತಿ ಬಿಟ್ಟಳು. "ಇದು ನಮ್ಮನೆ ಅಡ್ಗೆಮನೆ ಇದ್ದಂಗೈತೆ," ಎಂದು ನಕ್ಕು ಸೆರಗು ಸಿಕ್ಕಿಸಿದಳು.

ಡ್ರಮ್ಮು ತಿರುಗಿತು. ಬಾಯಿ ಸ್ವಲ್ಪ ಸಡಿಲವಿದ್ದುದರಿಂದ ಟಣ್ ಎಂದಿತು, ಚಿನ್ನಿ ಅದರ ಹಿಡಿ ಒತ್ತಿ ಮುಚ್ಚಿದಳು, ಗಂಟೆ ಸುಮ್ಮನಾಯಿತು. ನೋಡುತ್ತಿದ್ದವರಲ್ಲಿ ಯಾರೋ ಭೇಷ್ ಎಂದರು.

ಅಷ್ಟರಲ್ಲಿ ಫ್ಯಾನಿನ ಬೆಲ್ಟು ಪಟಾರನೆ ಕಡಿದುಹೋಯಿತು. ಒಲೆಯ ಹೊಗೆ ಹಿಂದಕ್ಕೆ ಉಕ್ಕಿ ಶೆಡ್ಡೆಲ್ಲ ಕಪ್ಪಾಯಿತು. ಬಂದವರು ಕೆಮ್ಮುತ್ತ ಹೊರಗೆ ಓಡಿದರು. ಆ ಹೊಗೆ ಡ್ರಮ್ಮಿಗೆ ನುಗ್ಗಿದರೆ ಕಾಫಿಗೆ ವಾಸನೆ ಹತ್ತಿ ಕೊಯ್ಲೇ ಹಾಳು. ಗಾಬರಿಬಿದ್ದ ಲಿಂಗ ಕೈಗೆ ಸಿಕ್ಕ ಹಿಡಿಯನ್ನು ಎಳೆದ. ಅದು ಬಾಯಿಯ ಹಿಡಿ. ಕೊಕ್ಕೆ ಬಿಡಲಿಲ್ಲ.

"ಅದಲ್ಲ ಲಿಂಗ, ನೀ ಆಚೆಗ್ ನಡಿ," ಎಂಬ ಚಿನ್ನಿಯ ದನಿ ಹೊಗೆಯೊಳಗಿಂದ ಕೇಳಿಸಿತು.

ಯಮುನ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ಏನೂ ಕಾಣುತ್ತಿರಲಿಲ್ಲ. ಗಾಳಿಯ ಬಾಗಿಲು ದಡಕ್ಕನೆ ಮುಚ್ಚಿದ ಸದ್ದಾಯಿತು. ಮರುಕ್ಷಣ ಸರಪಳಿ ಝಣಝಣ ಎಂದಿತು. ಚಿಮಣಿ ತೆರೆದು ಹೊಗೆ ಬುಸುಬುಸನೆ ಮೇಲಕ್ಕೆ ಏರತೊಡಗಿತು. ಹೊಗೆ ತಿಳಿಯಾದಾಗ ಚಿನ್ನಿ ಕಣ್ಣೊರೆಸಿಕೊಳ್ಳುತ್ತ ಹೊರಬಂದಳು.

"ಕಣ್ಣೇ ಬಿಡಾಕಾಗ್ಲಿಲ್ಲಕ್ಕ. ಕೈ ತಾನೇ ಹೋಯ್ತು," ಎಂದಳು.

ಯಮುನ ಅವಳನ್ನು ಎಲ್ಲರೆದುರೇ ಅಪ್ಪಿಕೊಂಡಳು. ನಾಣಯ್ಯನವರು ಡ್ರಮ್ಮಿನಿಂದ ಒಂದು ಹಿಡಿ ಕಾಫಿ ತೆಗೆದು ಮೂಸಿ, ಪಕ್ಕದವರ ಮೂಗಿಗೂ ಹಿಡಿದರು. ಹೊಗೆಯ ಸುಳಿವೇ ಇರಲಿಲ್ಲ. ದೇರಪ್ಪ ಕಡಿದುಹೋದ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು, ನಾಚಿಕೆಯೋ ಹೆಮ್ಮೆಯೋ ತಿಳಿಯದ ಮುಖದಲ್ಲಿ ನಿಂತಿದ್ದ. ಅಲ್ಲೇ ಇಬ್ಬರು ತಮಗೂ ಇಂಥದ್ದೇ ಬೇಕೆಂದರು. ಕುಶಾಲನಗರದಿಂದ ಬಂದಿದ್ದ ಪುಟ್ಟರಾಜು, "ನನ್ನದು ಅಕ್ಕಿ ಗಿರಣಿ. ಅದಕ್ಕೂ ಹಿಡಿಗಳನ್ನು ಮಾಡಿಕೊಡ್ತೀರಾ? ನಕ್ಷೆ ಯಾವಾಗ ಕೊಡ್ತೀರಿ?" ಎಂದು ಕೇಳಿದರು.

ದೇರಪ್ಪ ಬಾಯಿ ತೆರೆಯುವ ಮೊದಲೇ ಯಮುನ ಹೇಳಿದಳು: "ನಕ್ಷೆ ಆಮೇಲೆ. ಮೊದ್ಲು ನಿಮ್ಮ ಗಿರಣಿಲಿ ಒಂದು ವಾರ ನಾ ಸುಮ್ನೆ ಕೂತು ನೋಡ್ಬೇಕು. ಆಗ್ಬೋದಾ?"