ರಾಮವ್ವನ ಕೊಡ, ಕಾರವಾರದ ಲಾಂಚು

೧
ಎಲ್ಲಿಂದ ಶುರು ಮಾಡಲಿ? ಸಮುದ್ರದಿಂದ, ಎಂದಿತು ಧಾರವಾಡದ ನಮ್ಮ ಓದುಬಳಗ. "ನಿನ್ನ ಕಥಿಯೊಳಗ ಬರೇ ಕೇರಿ, ಕೆರಿ, ಸಿಟ್ಟು. ಎಂಬತ್ನಾಲ್ಕನೇ ಇಸ್ವಿ ಬಂತು, ಒಂದಿಷ್ಟು ಗಾಳಿ ಬಿಡೋ." ಬಿಟ್ಟೆ.

೨
(ಮೂರನೆಯ ಕರಡು. ಮೊದಲೆರಡರಲ್ಲಿ ಸೂರ್ಯ ಮುಳುಗಿದ್ದ, ಹರಿದುಹಾಕಿದೆ.)
ಕಾರವಾರದಿಂದ ಲಾಂಚು ಹೊರಟಿತು. ಡೆಕ್ಕಿನ ಮೇಲೆ ನವಲಗುಂದ ತಾಲೂಕಿನ ಒಂದು ಹಳ್ಳಿಯ ರಾಮವ್ವ. ವಯಸ್ಸು ಐವತ್ತು, ಕೆಲಸ ಕೂಲಿ, ಕಂಕುಳಲ್ಲಿ ಖಾಲಿ ಹಿತ್ತಾಳೆ ಕೊಡ. ಪ್ರವಾಸಕ್ಕೆ ಕೊಡ ಯಾಕೆ ಎಂದೆ.
"ನೀರಿನ ಮ್ಯಾಲೆ ಹೊಂಟೇವಿ ಅಂದ್ರಲ್ರೀ ಸಣ್ಣ ಧಣೇರ. ಕುಡಿಯೂ ನೀರಾಗ ನನ್ನ ಕೈಲೆ ಒಮ್ಮಿನೂ ಕೊಡ ಮುಳಗಿಸಿಲ್ಲ. ಸಾಯೂದ್ರಾಗ ಒಮ್ಮೆರ ಮುಳಗಿಸಬೇಕು."
(ನಮ್ಮೂರಿನ ಬಾವಿಗಳೆಲ್ಲ ಸವಳು, ಕುಡಿಯುವುದು ಕೆರೆ ನೀರು. ನಾವು ಚಪ್ಪಲಿ ಬಿಟ್ಟು ಮೆಟ್ಟಿಲು ಇಳಿಯುತ್ತೇವೆ. ರಾಮವ್ವನ ಕೇರಿಯವರು ಇಳಿಯುವಂತಿಲ್ಲ. ದಂಡೆಯ ಮೇಲೆ ಕೊಡ ಇಟ್ಟು ದೂರ ನಿಲ್ಲಬೇಕು. ಮನಸ್ಸಾದವರು ಮೇಲಿಂದ ಸುರಿಯುತ್ತಾರೆ. ಸುರಿಯುವವರಲ್ಲಿ ನನ್ನವ್ವ ಕಸ್ತೂರೆವ್ವನೂ ಒಬ್ಬಳು. ಇದನ್ನು ಕಂಸದೊಳಗೆ ಯಾಕೆ ಅಡಗಿಸಿದೆ ಎಂದು ಕೇಳಬೇಡಿ.)

೩
ಲಾಂಚಿನ ಅಂಚಿಗೆ ಬಾಗಿ ರಾಮವ್ವ ಕೊಡ ಮುಳುಗಿಸಿದಳು. ಇಲ್ಲಿ ನನ್ನ ಅತ್ಯುತ್ತಮ ವಾಕ್ಯವಿತ್ತು: 'ಅರಬ್ಬೀ ಸಮುದ್ರ ಅವಳ ಐವತ್ತು ವರ್ಷಗಳ ಬಾಯಾರಿಕೆಯನ್ನು...' ಅಷ್ಟರಲ್ಲಿ ಅವಳು ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗುಳಿದಳು.
"ನಮ್ಮ ಕೇರಿ ಬಾವಿ ನೀರ ಇದು. ಇದರ ಸಲುವಾಗಿ ಇಷ್ಟು ದೂರ ಕರಕೊಂಡು ಬಂದ್ರೇನು?"
ವಾಕ್ಯ ಹೊಡೆದುಹಾಕಿದೆ.

೪
ತದಡಿಯಲ್ಲಿ ಲಾಂಚು ಅರ್ಧ ತಾಸು ನಿಂತಿತು. ದಂಡೆಯ ಮೇಲೆ ಸಿಹಿನೀರಿನ ಬಾವಿ, ಗಡಗಡಿ, ಹಗ್ಗ. ಯಾರು ಬೇಕಾದರೂ ಸೇದಬಹುದು. (ಇದು ನಾನು ಕಟ್ಟಿದ ಬಾವಿ. ನಿಜವಾದದ್ದು ಹೇಗಿದೆಯೋ ಗೊತ್ತಿಲ್ಲ.) ರಾಮವ್ವ ಹತ್ತು ಮಾರು ದೂರ ಕೊಡ ಇಟ್ಟು ಸರಿದು ನಿಂತಳು. ಮೀನು ಬುಟ್ಟಿಯವರು ಹಾದುಹೋದರು. ಹುಬ್ಬಳ್ಳಿ ಬಿಟ್ಟು ಓಡಿಬಂದು ಲಾಂಚಿನ ಕೆಲಸಕ್ಕೆ ಸೇರಿದ್ದ ನಿಜಾಮಸಾಬ ಕೇಳಿದ:
"ಕೊಡ ಮಾರಾಕ ಇಟ್ಟೀಯೇನಬೇ?"
"ಸುರಿಯವ್ರು ಯಾರರ ಬರ್ತಾರಂತ ನಿಂತೀನ್ರಿ."
"ಹಗ್ಗ ಐತಿ, ನಿನಗ ಕೈ ಅದಾವು. ಸೇದ್ಕೊ. ಲಾಂಚು ನಿನ್ನ ಹಾದಿ ಕಾಯೂದಿಲ್ಲ."
ಅವಳ ಕಾಲು ಏಳಲಿಲ್ಲ. 'ಎದ್ದವು' ಎಂದು ಬರೆದೆ. ಆಗಲೂ ಏಳಲಿಲ್ಲ. ಲಾಂಚಿನ ಭೋಂಗಾ ಊದಿತು, ಖಾಲಿ ಕೊಡ ಎತ್ತಿಕೊಂಡು ಹತ್ತಿದಳು.

೫
ಬೇರೆ ಅಂತ್ಯಗಳಿವೆ. ಅವಳು ಸೇದುತ್ತಾಳೆ, ಬಳಗ ಚಪ್ಪಾಳೆ ತಟ್ಟುತ್ತದೆ. ಅಥವಾ ಕೊಡವನ್ನು ಸಮುದ್ರಕ್ಕೆ ಎಸೆಯುತ್ತಾಳೆ, ಸಂಪಾದಕರು ಅದನ್ನು ಸಂಕೇತ ಎನ್ನುತ್ತಾರೆ.
"ಹಿತ್ತಾಳಿದೈತಿ. ಒಗ್ಯಾಕ ನಿಮ್ಮಪ್ಪ ಕೊಡಿಸ್ಯಾನೇನು?" ರಾಮವ್ವ ನಡುವೆ ಬಾಯಿ ಹಾಕಿದಳು.
"ಮತ್ತೇನು ಬರೀಲಿ ರಾಮವ್ವಾ?"
"ಕಾರವಾರ ಬರದಿ, ತದಡಿ ಬರದಿ. ನಮ್ಮೂರು ಬಂದ ಕೂಡ್ಲೇ 'ಒಂದು ಹಳ್ಳಿ'. ಲಾಂಚು ತಿರಗಸು. ನಮ್ಮ ಕೆರಿಗೆ ಇಳಸು ನನ್ನ."

೬
ತಿರುಗಿಸಿದೆ. ಎರೆಹೊಲಗಳ ನಡುವೆ ಲಾಂಚು ಹೇಗೆ ಬಂತು ಎಂದು ಕೇಳುವವರು, ರಾಮವ್ವ ಐವತ್ತು ವರ್ಷ ದಂಡೆಯ ಮೇಲೆ ಹೇಗೆ ನಿಂತಳು ಎಂದು ಮೊದಲು ಕೇಳಲಿ.
ಬೆಳಗಿನ ಹೊತ್ತು. ಕೆರೆಗೆ ಹನ್ನೆರಡು ಮೆಟ್ಟಿಲು. ರಾಮವ್ವ ಹನ್ನೊಂದು ಇಳಿದಿದ್ದಾಳೆ, ಇಳಿಸಿದ್ದು ನಾನಲ್ಲ. ನೀರಿನಂಚಿಗೆ ನನ್ನವ್ವ, ತುಂಬಿದ ಕೊಡದೊಂದಿಗೆ.
"ಏನೋ, ಬರಕೋತ ನಿಂತಿ? ಇಕಿಗೆ ಏನರ ಹೇಳ್ತೀಯೋ ಇಲ್ಲೋ?" ಅವ್ವ ಕೆಳಗಿಂದ ಕೂಗಿದಳು.
ರಾಮವ್ವ ತಲೆ ಎತ್ತಿ ನನ್ನತ್ತ ನೋಡಿದಳು, ಅಷ್ಟೇ.
ಅವಳ ಕೊಡದ ಬಾಯಿ ನೀರಿಗಿಂತ ನಾಲ್ಕು ಬೆರಳು ಮೇಲಿದೆ. ನಾನು ದಂಡೆಯ ಮೇಲಿದ್ದೇನೆ, ಅವಳು ನಿಲ್ಲುತ್ತಿದ್ದ ಜಾಗದಲ್ಲೇ. 'ನಾನೂ ಇಳಿದೆ' ಎಂದು ಬರೆದು ಕಥೆ ಮುಗಿಸಬಹುದಿತ್ತು. ಆದರೆ ಕೆರೆಗೆ ಚಪ್ಪಲಿ ಬಿಟ್ಟು ಇಳಿಯಬೇಕು. ನನ್ನವು ಇನ್ನೂ ಕಾಲಲ್ಲೇ ಇವೆ.