ತಣ್ಣನೆ ಇಂಜಿನ್ನಿನ ಸದ್ದು

ಚಾಮರಾಜಪೇಟೆಯ ಆ ಬೀದಿಯಲ್ಲಿ ಅಲಾರಂ ಇಟ್ಟುಕೊಳ್ಳುವ ದರ್ದು ಯಾರಿಗೂ ಇರಲಿಲ್ಲ. ಬೆಳಿಗ್ಗೆ ಏಳೂಕಾಲಿಗೆ ಸಿದ್ದಬಸಪ್ಪನವರು ತಮ್ಮ ಇಪ್ಪತ್ತೆರಡು ವರ್ಷದ ಕಾರಿನ ಕೀಲಿ ತಿರುಗಿಸಿದರೆ ಸಾಕು, ಟಕಟಕಟಕ ಎಂದು ಶುರುವಾಗುತ್ತಿದ್ದ ಸದ್ದು ಎದುರುಮನೆಯ ಅನಿಲ್ ಕುಮಾರರನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುತ್ತಿತ್ತು. ಎರಡು ನಿಮಿಷ ಅಷ್ಟೇ. ಇಂಜಿನ್ ಬಿಸಿಯಾಯಿತೋ, ಏನೂ ಆಗೇ ಇಲ್ಲವೆಂಬಂತೆ ತೆಪ್ಪಗಾಗಿಬಿಡುತ್ತಿತ್ತು. ಇಡೀ ಬೀದಿಗೆ ಕೇಳುತ್ತಿದ್ದ ಆ ಸದ್ದನ್ನು ಇಲ್ಲವೇ ಇಲ್ಲ ಎನ್ನುತ್ತಿದ್ದವರು ಕಾರಿನ ಯಜಮಾನರೊಬ್ಬರೇ.

"ಎಲ್ಲಿದೇರೀ ಸದ್ದು?" ಬಾನೆಟ್ ಮೇಲೆ ಅಂಗೈ ಊರಿ ಗದರುತ್ತಿದ್ದರು. "ಮೂವತ್ತೆಂಟು ವರ್ಷ ಚಿಕ್ಕಪೇಟೇಲಿ ರೇಷ್ಮೆ ಮಾರಿದೀನಿ. ಮುಟ್ಟಿದ್ರೆ ಸಾಕು, ಅಸಲಿ ಯಾವುದು ನಕಲಿ ಯಾವುದು ಗೊತ್ತಾಗುತ್ತೆ. ಬೆಣ್ಣೆ ಥರ ಓಡ್ತಿದೆ ಗಾಡಿ!"

ಸಿಟ್ಟು ಅವರಿಗೆ ಮೂಗಿನ ತುದಿಯಲ್ಲೇ. ಹಾಗಾಗಿ ಯಾರೂ ಹೆಚ್ಚು ಮಾತು ಬೆಳೆಸುತ್ತಿರಲಿಲ್ಲ. ಆದರೆ ಸೊಸೆ ಶಿವರಂಜಿನಿ ಒಂದು ಶನಿವಾರ ಹೇಳಿಯೇಬಿಟ್ಟಳು.

"ಮಾವ, ಈ ಕಾರು ಎಲ್ಲಾದ್ರೂ ನಡುದಾರೀಲಿ ಕೈಕೊಟ್ರೆ? ಒಂದನೇ ತಾರೀಕಿಂದ ಮಾನ್ಯ ಸ್ಕೂಲ್ ವ್ಯಾನಲ್ಲಿ ಹೋಗ್ಲಿ."

ಸಿದ್ದಬಸಪ್ಪನವರ ಎದೆ ಧಸಕ್ಕೆಂದಿತು. ಹನ್ನೆರಡು ವರ್ಷದ ಮೊಮ್ಮಗಳನ್ನು ಬಸವನಗುಡಿಯ ಶಾಲೆಗೆ ಬಿಡುವ ಆ ಇಪ್ಪತ್ತು ನಿಮಿಷವಷ್ಟೇ ಅವಳು ಅವರ ಪಾಲಿಗಿದ್ದದ್ದು. ಸಂಜೆಯಾದರೆ ಟ್ಯೂಷನ್, ಡ್ಯಾನ್ಸು, ಫೋನು. ತಾತನ ಕಡೆ ತಿರುಗಿ ನೋಡಲು ಅವಳಿಗೆ ಪುರುಸೊತ್ತೆಲ್ಲಿ? ಈಚೆಗಂತೂ ಕಾರಿನಲ್ಲೂ ಹಿಂದಿನ ಸೀಟಿನಲ್ಲಿ ಮೂಗಿಯಂತೆ ಕೂತಿರುತ್ತಿದ್ದಳು. ವಯಸ್ಸೇ ಅಂಥದ್ದು, ಮಾತಾಡದಿದ್ದರೆ ಬೇಡ, ಕನ್ನಡಿಯಲ್ಲಿ ಅವಳ ಮುಖ ಕಂಡರೆ ಸಾಕು ಎಂದುಕೊಂಡಿದ್ದರು. ಈಗ ಅದಕ್ಕೂ ಕಲ್ಲು ಬೀಳುವುದರಲ್ಲಿತ್ತು. ಆ ಕ್ಷಣವೇ ಕಾರು ತೆಗೆದು ಕಲಾಸಿಪಾಳ್ಯದ ಪುಟ್ಟಯ್ಯನ ಗ್ಯಾರೇಜಿಗೆ ಹೊರಟರು.

ಪುಟ್ಟಯ್ಯ ಹಳೆಯ ಮೆಕ್ಯಾನಿಕ್. ಬಾನೆಟ್ ಎತ್ತಿ ಆಲಿಸಿದ. ಓಡಿ ಬಂದು ಬಿಸಿಯಾಗಿದ್ದ ಇಂಜಿನ್ನು ಉಸಿರೆತ್ತಲಿಲ್ಲ.

"ನೋಡಿದ್ಯಾ?" ಸಿದ್ದಬಸಪ್ಪನವರು ಬೀಗಿದರು.

"ಬಿಸಿ ಇಂಜಿನ್ ಮಾತು ನಂಬಂಗಿಲ್ಲ ಸ್ವಾಮಿ. ಗಾಡಿ ಇಲ್ಲೇ ಬಿಟ್ಹೋಗಿ. ರಾತ್ರಿಯೆಲ್ಲಾ ತಣ್ಣಗಾಗ್ಲಿ. ಬೆಳಿಗ್ಗೆ ನೀವೂ ಬನ್ನಿ, ಒಟ್ಟಿಗೇ ಕೇಳೋಣ."

ಭಾನುವಾರ ಬೆಳಿಗ್ಗೆ ಪುಟ್ಟಯ್ಯ ಕೀಲಿ ತಿರುಗಿಸಿದ. ತಕ್ಷಣ ಅವನ ಹುಬ್ಬು ಗಂಟಿಕ್ಕಿತು.

"ಅಬ್ಬಾ! ಏನ್ ಸ್ವಾಮಿ ಇದು, ಈ ಪಾಟಿ ಬಡ್ಕೊಳ್ತಿದೆ?"

"ಎಲ್ಲಿ? ಗುರ್ ಅಂತ ಸುಮ್ನೆ ಓಡ್ತಿದೆಯಲ್ಲಯ್ಯ!"

ಪುಟ್ಟಯ್ಯ ಒಂದು ಗಳಿಗೆ ಅವರ ಮುಖವನ್ನೇ ನೋಡಿದ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಅವರ ಕಿವಿಯ ಹಿಂದಿನ ಮೂಳೆಗೆ ಒತ್ತಿದ. ಮೆಕ್ಯಾನಿಕ್ಕುಗಳು ಇಂಜಿನ್ನಿನ ಒಳಗಿನ ಸದ್ದು ಹುಡುಕುವುದೇ ಹಾಗೆ.

ಟಕಟಕಟಕ! ತಲೆಬುರುಡೆಯೊಳಗೇ ಯಾರೋ ಸುತ್ತಿಗೆಯಲ್ಲಿ ಹೊಡೆದಂತಾಯಿತು. ಸಿದ್ದಬಸಪ್ಪನವರು ಬೆಚ್ಚಿ ತಲೆ ಆಚೆ ತೆಗೆದರು. ಸದ್ದಿಲ್ಲ. ಮತ್ತೆ ಹಿಡಿಯನ್ನು ಒತ್ತಿಕೊಂಡರು. ಇದೆ. ತೆಗೆದರು. ಇಲ್ಲ. ಮೂರನೆಯ ಸಲ ನೋಡುವ ಧೈರ್ಯ ಬರದೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತರು.

"ಕಾರಿನ ಕಾಯಿಲೆ ಸಣ್ಣದು," ಎಂದ ಪುಟ್ಟಯ್ಯ, ಅವರ ಹತ್ತಿರ ಬಗ್ಗಿ, ಜೋರಾಗಿ. "ಈ ಆಯಿಲ್ ಫಿಲ್ಟರ್ ಯಾರು ತಂದಿದ್ದು?"

"ನಾನೇ. ನಾಲ್ಕೈದು ಮುಟ್ಟಿ ನೋಡಿ, ತಗಡು ಗಟ್ಟಿ ಇರೋದನ್ನೇ ಆರಿಸ್ದೆ."

"ತಗಡು ಗಟ್ಟಿಯಾಗೇ ಇದೆ. ಒಳಗೆ ಆಯಿಲ್ ವಾಪಸ್ ಇಳೀದಂಗೆ ತಡೆಯೋ ರಬ್ಬರ್ ಒಂದಿರ್ಬೇಕು, ಇದ್ರಲ್ಲಿ ಅದೇ ಇಲ್ಲ. ಅದು ಮುಟ್ಟಿದ್ರೆ ಎಲ್ಲಿ ಗೊತ್ತಾಗುತ್ತೆ? ರಾತ್ರಿಯೆಲ್ಲಾ ಆಯಿಲ್ ಕೆಳಗಿಳಿದು, ಬೆಳಿಗ್ಗೆ ಮೇಲಿನ ಭಾಗ ಒಣಗಿರುತ್ತೆ. ಅದಕ್ಕೇ ಬಡ್ಕೊಳ್ಳೋದು. ಒಳ್ಳೇ ಫಿಲ್ಟರ್ ಹಾಕ್ತೀನಿ, ನಿಂತುಹೋಗುತ್ತೆ." ಮತ್ತೆ ಬಗ್ಗಿ ಸೇರಿಸಿದ: "ನಿಮ್ಮ ಕಿವಿ ವಿಷ್ಯ ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ ಸ್ವಾಮಿ."

ಅದೇ ಅವರಿಗೆ ಕಷ್ಟವಾದದ್ದು. ಸದ್ದು ನಿಂತರೆ ಕೇಳುವವರಿಲ್ಲ, ಹೇಳುವವರಿಲ್ಲ. ವ್ಯಾನಿನ ಮಾತೂ ನಿಲ್ಲುತ್ತದೆ. ಹಾಗೆಂದುಕೊಳ್ಳುತ್ತಾ, ಹೊಸ ಫಿಲ್ಟರ್ ಹಾಕಿಸಿದ ಕಾರಿನಲ್ಲಿ ಮನೆಗೆ ತಿರುಗುವಾಗ, ಬೈಕಿನವನೊಬ್ಬ ಪಕ್ಕದಲ್ಲೇ ನುಗ್ಗಿ ಬಂದು ಕಿಟಕಿಯೊಳಗೆ ಅರಚಿದ: "ಎಷ್ಟ್ ಹಾರನ್ ಹೊಡೀಬೇಕು ಗುರು, ಕಿವುಡ್ನಾ?" ಇಂಥ ಬೈಗುಳ ಅವರಿಗೆ ಹೊಸದಲ್ಲ. ಈಗಿನವರಿಗೆ ಸೊಕ್ಕು ಎಂದು ದಿನಾ ಬೈದುಕೊಳ್ಳುತ್ತಿದ್ದರು. ಇವತ್ತು ಮಾತ್ರ ಬೈಯದೆ, ಕಾರನ್ನು ರಸ್ತೆಯ ಅಂಚಿಗೆ ಸರಿಸಿ ನಿಧಾನವಾಗಿ ಓಡಿಸಿದರು.

ಸೋಮವಾರ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಎದುರುಮನೆಯ ಗೇಟಿನಲ್ಲಿ ಅನಿಲ್ ಕುಮಾರ್ ಕೈಯೆತ್ತಿ ಮುಗಿದರು. ಶಿವರಂಜಿನಿಯ ಮುಖ ಅರಳಿತು. ಕಿಟಕಿಗೆ ಬಗ್ಗಿ, "ಸದ್ದೇ ಇಲ್ವಲ್ಲ ಮಾವ! ಸರಿ ಬಿಡಿ, ವ್ಯಾನ್ ಬೇಡ," ಎಂದಳು.

ಗೆದ್ದಾಯಿತು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಮಾನ್ಯ ಏನೋ ಅಂದಿರಬೇಕು, ಶಿವರಂಜಿನಿ ಗೊಳ್ಳೆಂದು ನಕ್ಕಳು. ಸಿದ್ದಬಸಪ್ಪನವರೂ ರೂಢಿಯಂತೆ ಜೊತೆಗೆ ನಗಲು ಬಾಯಿ ತೆರೆದರು. ನಗು ಬರಲಿಲ್ಲ. ಕನ್ನಡಿಯಲ್ಲಿ ಮಗುವಿನ ತುಟಿ ಇನ್ನೂ ಆಡುತ್ತಿತ್ತು. ಹಿಂದಿನ ಸೀಟಿನಲ್ಲಿ ಈ ಮಗುವನ್ನು ಕೂರಿಸಿಕೊಂಡು, ಕೇಳಿಸದ ಎಷ್ಟು ಹಾರನ್ನುಗಳನ್ನು ದಾಟಿ ಬಂದಿದ್ದೇನೋ ಎಂದು ನೆನೆದರು. ಇಂಜಿನ್ ಆರಿಸಿ ಕೆಳಗಿಳಿದರು.

"ನಂಗೆ ಕಿವಿ ಕೇಳಿಸ್ತಿಲ್ಲ ಕಣಮ್ಮ," ಎಂದರು. "ಕಾರಿನ ಸದ್ದೂ ಕೇಳಿರ್ಲಿಲ್ಲ. ಇವಳು ಈಗ ಏನಂದ್ಳು ಅಂತಾನೂ ಗೊತ್ತಾಗ್ಲಿಲ್ಲ. ವ್ಯಾನಿಗೇ ಹೇಳ್ಬಿಡು."

ಶಿವರಂಜಿನಿ ಕೈ ಚಾಚಿ ಕೀಲಿ ಇಸಕೊಂಡಳು. ಅವರು ಮುಗಿಯಿತು ಎಂದುಕೊಂಡು ಮನೆಯ ಮೆಟ್ಟಿಲ ಕಡೆ ತಿರುಗಿದರು. ಅವಳು ತೋಳು ಹಿಡಿದು ನಿಲ್ಲಿಸಿ, ಹಿಂದಿನ ಬಾಗಿಲು ತೆರೆದಳು.

"ಕಿವಿ ಡಾಕ್ಟರಿಗೆ ತೋರಿಸೋವರೆಗೂ ನಾನು ಓಡಿಸ್ತೀನಿ. ನೀವು ಅವಳ ಪಕ್ಕ ಕೂತ್ಕೊಳ್ಳಿ ಮಾವ," ಎಂದು ಬಿಡಿಸಿ ಬಿಡಿಸಿ ಹೇಳಿದಳು.

ಕಾರು ಬೀದಿಯ ತಿರುವು ದಾಟುತ್ತಲೇ ಮಾನ್ಯ ಸರಿದು ಬಂದು, ಎರಡೂ ಕೈ ಬೊಗಸೆ ಮಾಡಿ ತಾತನ ಕಿವಿಗೆ ಬಾಯಿಟ್ಟಳು.

"ನಿಂಗೆ ನನ್ಮೇಲೆ ಕೋಪ ಅಂದ್ಕೊಂಡಿದ್ದೆ ತಾತ. ಏನ್ ಹೇಳಿದ್ರೂ ಉತ್ರಾನೇ ಕೊಡ್ತಿರ್ಲಿಲ್ಲ. ಅದಕ್ಕೇ ಮಾತಾಡೋದು ಬಿಟ್ಟೆ."

ಸಿದ್ದಬಸಪ್ಪನವರು ಅವಳ ಕಡೆ ಪೂರ್ತಿ ತಿರುಗಿ ಕೂತರು. "ಯಾವಾಗಿಂದ ಪುಟ್ಟಿ?"

"ದಸರಾ ರಜೆಯಿಂದ."

"ಹಂಗಾದ್ರೆ ದಸರಾದಿಂದಾನೇ ಶುರು ಮಾಡು. ಒಂದೂ ಬಿಡ್ಬೇಡ."

ಅವಳು ಶುರು ಮಾಡಿದಳು. ಶಾಲೆಯ ಗೇಟಿನ ಮುಂದೆ ಶಿವರಂಜಿನಿ ಕಾರು ನಿಲ್ಲಿಸಿದಾಗ ಅವಳು ಇನ್ನೂ ದೀಪಾವಳಿಯ ಹತ್ತಿರವೂ ಬಂದಿರಲಿಲ್ಲ.