ಬೇಸಿಗೆ ಹೊಸ ತೂತು

೧

ರಾಜಶ್ರೀ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಅರ್ಧ ಚೀಲ ಮುಗಿದಿತ್ತು. ಇನ್ನರ್ಧ ಚೀಲ ಅವಳನ್ನೇ ನೋಡುತ್ತಿತ್ತು.

(ಹೀಗೆ ಶುರು ಮಾಡಲೇ? ಮಾಡಿದರೆ ನೀವು ಇದನ್ನು ಚಟ್ನಿಯ ಕಥೆ ಎಂದುಕೊಳ್ಳುತ್ತೀರಿ. ಬೇಸ್ ಗಿಟಾರಿನ ಕಥೆ ಎಂದರೆ, ಸವಣೂರಿನಲ್ಲಿ ಎಂಥ ಬೇಸ್ ಗಿಟಾರು ಎಂದು ಪುಟ ಮಗುಚುತ್ತೀರಿ. ಮೆಣಸಿನಕಾಯಿಯೇ ಇರಲಿ.)

ಎದುರಿಗೆ ಗೋಡೆಗೊರಗಿ ಬೇಸ್ ಗಿಟಾರು ಕುಳಿತಿತ್ತು, ನಾಲ್ಕೂ ತಂತಿ ಸಡಿಲ ಬಿಟ್ಟುಕೊಂಡು, ಮದುವೆ ಊಟ ಮುಗಿಸಿದ ಬೀಗರ ಹಾಗೆ. ಅದರ ಬ್ರಿಜ್ಜು ಕೆಟ್ಟಿತ್ತು. ಬ್ರಿಜ್ಜೆಂದರೆ ಗಿಟಾರಿನ ಹೊಟ್ಟೆಯ ಮೇಲೆ ಸ್ಕ್ರೂ ಹೊಡೆದು ಕೂರಿಸಿದ ತಗಡು. ತಂತಿಗಳ ಬಾಲ ಹಿಡಿದಿಡುವುದು ಅದರ ಕೆಲಸ. ಆ ಕೆಲಸವನ್ನು ಅದು ಬಿಟ್ಟು ತಿಂಗಳಾಗಿತ್ತು.

ಕೆಡಿಸಿದ್ದು ಭಕ್ತಿ. ರಾಜಶ್ರೀ ಬೇಸ್ ನುಡಿಸುತ್ತಿದ್ದ ಆರ್ಕೆಸ್ಟ್ರಾದವರು ಪ್ರತಿವರ್ಷ ದಸರೆಯ ಖಂಡೇಪೂಜೆಗೆ ವಾದ್ಯಗಳಿಗೆಲ್ಲ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು. ತಬಲಾಕ್ಕೊಂದು ಹನಿ, ಕೀಬೋರ್ಡಿಗೊಂದು ಹನಿ. ಬೇಸಿಗೆ ಮಾತ್ರ ಕಾಯಿಯ ನೀರೆಲ್ಲ, ಏಕೆಂದರೆ ಅದು ದೊಡ್ಡದು. ಕುಡಿದು ಕುಡಿದು ಸ್ಕ್ರೂ ತುಕ್ಕು ಹಿಡಿದವು, ಕಟ್ಟಿಗೆಯ ತೂತುಗಳು ಕೊಳೆತು ಅಗಲವಾದವು. ಈ ಪೂಜೆಯನ್ನು ಬಿಡದೆ ಮಾಡಿಸುತ್ತಿದ್ದವರು ಮಾಲೀಕರಾದ ಸಿರಾಜುದ್ದೀನ ಉಸ್ತಾದರು. "ದುಡಿಯೂ ಸಾಮಾನೈತಿ, ಅದಕ್ಕೂ ಹಬ್ಬ ಬ್ಯಾಡೇನು?" ಎನ್ನುತ್ತಿದ್ದರು.

"ಕಾಯಿ ಒಡದಾಕಿ ನಾನ. ಅದನ್ನ ಮಾತ್ರ ಬರೀಬ್ಯಾಡ್ರಿ," ಎಂದಳು ರಾಜಶ್ರೀ, ನನ್ನ ಕಡೆ ತಿರುಗಿ.

ಬರೆದಾಯಿತು.

೨

ಇಲ್ಲೊಂದು ಪ್ರೇಮಪ್ರಕರಣ ಇಟ್ಟಿದ್ದೆ. ರಾಜಶ್ರೀ ಹರಿದು ಒಲೆಗೆ ಹಾಕಿದಳು.

೨ (ಮತ್ತೆ)

ಶಿಗ್ಗಾಂವಿಯಿಂದ ಚನ್ನೇಶ ಬಂದ. ಹಳೆಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು ಈಗ ತನ್ನದೇ ತಂಡ ಕಟ್ಟಿದ್ದಾನೆ. ಮೊದಲ ಕಾರ್ಯಕ್ರಮ ಹಾನಗಲ್ಲಿನ ಮದುವೆಯೊಂದರಲ್ಲಿ. ಬೇಸ್ ನುಡಿಸಲು ರಾಜಶ್ರೀಯೇ ಬೇಕು. ಮೊಬೈಲಿನಲ್ಲಿ ಎರಡು ಬ್ರಿಜ್ಜುಗಳ ಫೋಟೋ ತೋರಿಸಿದ.

"ಇದು ಹಳೇದ್ರಂಥಾದ್ದ ತಗಡು, ಅಕ್ಕಾ. ಹಳೇ ತೂತಿಗೇ ಕುಂದರ್ತೈತಿ. ಆದ್ರ ತೂತು ಕೊಳತಾವು. ಕಡ್ಡಿಪೆಟ್ಟಿಗಿ ಕಡ್ಡಿಗೆ ಅಂಟು ಹಚ್ಚಿ ತುರುಕಬೇಕು. ಎಷ್ಟ ದಿನಾ ತಡೀತೈತೋ ನಾ ಹೇಳಾಂಗಿಲ್ಲ."

"ಮತ್ತ ಅದು?"

"ಇದು ಹಿತ್ತಾಳಿ. ಎತ್ತಿದ್ರ ಕೈ ಜಗ್ಗತೈತಿ. ತಂತಿ ಮೀಟಿದ್ರ ದನಿ ಲಗೂನ ಹೋಗಾಂಗಿಲ್ಲ, ಸಾಲ ಕೇಳಾಕ ಬಂದಾವ ನಿಂತಂಗ ನಿಂದರ್ತೈತಿ. ಆದ್ರ ಗಟ್ಟಿ ಕಟ್ಟಿಗ್ಯಾಗ ಹೊಸಾ ತೂತು ಹಾಕಬೇಕು."

ರಾಜಶ್ರೀಯ ಕೈ ನಿಂತಿತು. "ತೂತ ಹಾಕಾಕ ಇದು ನಂದಲ್ಲೋ."

"ನಾಕು ವರ್ಷಾತು ನಿನ್ನ ಮನ್ಯಾಗ ಐತಿ. ರೇಷನ್ ಕಾರ್ಡಿನ್ಯಾಗ ಹೆಸರು ಸೇರಸೂದೊಂದ ಬಾಕಿ."

ಚನ್ನೇಶನಿಗೆ ನಗು. ಅವಳಿಗಲ್ಲ. ಬೇಸು ಉಸ್ತಾದರದು. ನಾಲ್ಕು ವರ್ಷದ ಹಿಂದೆ ಆರ್ಕೆಸ್ಟ್ರಾ ಮುಚ್ಚಿ ಹಿರೇಕೆರೂರಿನ ಮಗಳ ಮನೆಗೆ ಹೋದಾಗ ಅವರು ಪತ್ರ ಬರೆದಿದ್ದರು: ಬೇಸ್ ಇಟ್ಟುಕೊಳ್ಳುತ್ತೀಯೋ, ಕಳಿಸುತ್ತೀಯೋ? ರಾಜಶ್ರೀ ಅಂದೇ ಲಕೋಟೆ ತಂದು ವಿಳಾಸ ಬರೆದಳು. ಒಳಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಇಟ್ಟುಕೊಳ್ಳುತ್ತೇನೆ ಎನ್ನಲು ನಾಚಿಕೆ, ಕಳಿಸುತ್ತೇನೆ ಎನ್ನಲು ಮನಸ್ಸಿಲ್ಲ. ಖಾಲಿ ಲಕೋಟೆ ಗಿಟಾರಿನ ಚೀಲದಲ್ಲೇ ಉಳಿಯಿತು. ಈಗ ಅವರ ಕಿವಿ ಪೂರ್ತಿ ಹೋಗಿದೆ. ಫೋನು ಮಾಡಿದರೆ ಹಿರೇಕೆರೂರಿನ ಓಣಿಗೆಲ್ಲ ಕೇಳುತ್ತದೆ, ಅವರೊಬ್ಬರನ್ನು ಬಿಟ್ಟು.

ಅಂದರೆ, ಓದುಗರೇ: ಕೇಳಿದರೆ ಬೇಸು ಕೈತಪ್ಪಬಹುದು. ಕೇಳದೆ ತೂತು ಹಾಕಿದರೆ ಕಳ್ಳತನ.

೪

(ಮೂರನ್ನು ಹಾರಿಸಿದ್ದೇನೆ. ಅದರಲ್ಲಿ ಸೂರ್ಯೋದಯವಿತ್ತು.)

ಮುಕ್ತಾಯ ಅ: ರಾಜಶ್ರೀ ತಗಡನ್ನೇ ಹಾಕಿಸುತ್ತಾಳೆ. ಹಾನಗಲ್ಲಿನಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಬ್ರಿಜ್ಜು ಕಿತ್ತು ಹಾರಿ ಮದುಮಗನ ಬಾಸಿಂಗಕ್ಕೆ ಬಡಿಯುತ್ತದೆ.

"ನಿಮಗ ಚ್ಯಾಷ್ಟಿ. ಅಷ್ಟ ಮಂದಿ ಮುಂದ ನಿಂದರಾಕಿ ನಾನು," ಎಂದಳು ರಾಜಶ್ರೀ.

ಮುಕ್ತಾಯ ಆ: ಕೇಳದೆ ಹಿತ್ತಾಳೆಯದನ್ನು ಹಾಕಿಸುತ್ತಾಳೆ. ಸವಣೂರಿನಲ್ಲಿ ಡ್ರಿಲ್ಲು ಗುರ್ ಎಂದೊಡನೆ ಹಿರೇಕೆರೂರಿನಲ್ಲಿ ಕಿವುಡ ಉಸ್ತಾದರು ಎದ್ದು ಕೂರುತ್ತಾರೆ.

"ಇದು ಸಿನಿಮಾ ಆತ್ರಿ," ಎಂದ ಚನ್ನೇಶ.

ಮುಕ್ತಾಯ ಇ: ಉಸ್ತಾದರು ತಾವೇ ಬಸ್ಸಿಳಿದು ಬರುತ್ತಾರೆ.

"ಮಣಕಾಲ ನೋವೈತಿ ಅವರಿಗೆ. ನಿಮ್ಮ ಕಥಿ ಸಲುವಾಗಿ ಅವರನ್ನ ಬಸ್ಸು ಹತ್ತಸ್ತೀರೇನು? ಸಾಕ ಮಾಡ್ರಿ. ಪೆನ್ನು ಕೊಡ್ರಿಲ್ಲೆ," ಎಂದಳು ರಾಜಶ್ರೀ.

ಕೊಟ್ಟೆ. ನನ್ನ ಬಳಿ ಇದ್ದದ್ದು ಅದೊಂದೇ ಪೆನ್ನು. ಮುಂದಿನದನ್ನು ಅವಳೇ ಬರೆದಳು.

"ಉಸ್ತಾದರಿಗೆ ರಾಜಶ್ರೀ ಮಾಡುವ ನಮಸ್ಕಾರ. ಬೇಸ್ ನಿಮ್ಮದು. ನನಗ ಬೇಕು. ಕಾಯಿ ಒಡದು ಒಡದು ಬ್ರಿಜ್ಜು ಕೆಡಸೇನಿ. ಹಿತ್ತಾಳಿದು ಹಾಕಿದ್ರ ದನಿ ಭಾಳ ಹೊತ್ತು ನಿಂದರ್ತೈತಂತ. ನೀವು ಕಲಸಬೇಕಾದ್ರ ಗಿಟಾರಿನ ಹೊಟ್ಟಿಗೆ ಅಂಗೈ ಹಚ್ಚಿ ನನ್ನ ತಪ್ಪು ಹಿಡೀತಿದ್ರಿ. ತಂದು ನುಡಸ್ತೇನಿ, ಹಚ್ಚಿ ನೋಡ್ರಿ. ಹೊಸಾ ತೂತು ಹಾಕ್ಲೇನು? ಬ್ಯಾಡ ಅಂದ್ರ ಬೇಸ್ ನಿಮ್ಮ ಮನಿಗೆ ಮುಟ್ಟಸ್ತೇನಿ."

ಚನ್ನೇಶ ಓದಿದ. "ಕಡೀ ಸಾಲು ತಗೀಯಕ್ಕಾ. ಮುಟ್ಟಸ್ತೇನಿ ಅಂದ್ರ ತಗೊಂಡ ಬಿಡ್ತಾರ. ಹಾನಗಲ್ಲಿನ್ಯಾಗ ನಾ ಏನ ಮಾಡ್ಲಿ?"

"ಅದನ್ನ ತಗದ್ರ ಕೇಳಿದಂಗ ಆಗೂದಿಲ್ಲೋ. ಹೇಳಿದಂಗ ಆಗತೈತಿ."

೫

ಉಸ್ತಾದರ ಉತ್ತರವನ್ನು ನಾನು ಮೊದಲೇ ಬರೆದಿಟ್ಟಿದ್ದೆ. ಚೆಂದದ ಉತ್ತರ, ಓದಿದ್ದರೆ ಕಣ್ಣೊರೆಸಿಕೊಳ್ಳುತ್ತಿದ್ದಿರಿ. ಅಂಚೆಪೆಟ್ಟಿಗೆಯ ಮುಂದೆ ರಾಜಶ್ರೀ ಅದನ್ನು ಕಸಿದುಕೊಂಡಳು.

"ಅವರ ಉತ್ತರ ನೀವ್ಯಾಕ ಬರೀತೀರಿ? ಅವರಿಗೆ ಕೈ ಇಲ್ಲೇನು?"

"ಓದೋರು ಕೇಳ್ತಾರವ್ವ, ಮುಂದೇನಾತು ಅಂತ."

"ಅವರು ನಾಕು ವರ್ಷ ಕಾಯ್ದಾರ. ನಿಮ್ಮ ಮಂದಿಗೆ ನಾಕು ದಿನಾ ಕಾಯಾಕ ಆಗೂದಿಲ್ಲಾ?"

ಹಳೆಯ ಲಕೋಟೆಗೆ ಅವಳ ಬೆರಳಿನ ಮೆಣಸಿನ ಘಾಟು ಹತ್ತಿತ್ತು. ಒಮ್ಮೆ ಸೀನಿದಳು. ಆಮೇಲೆ ಪೆಟ್ಟಿಗೆಯ ಬಾಯಿಗೆ ಹಾಕಿ ಕೈಬಿಟ್ಟು, ಅದು ತಳ ಮುಟ್ಟಿತೋ ಇಲ್ಲವೋ ಎಂದು ಪೆಟ್ಟಿಗೆಯ ಹೊಟ್ಟೆಗೆ ಅಂಗೈ ಹಚ್ಚಿ ನಿಂತಳು.